ಮೊಂಡು ಮೂತಿಯ ಅಚ್ಚು

ಗುಂಡಿನ ಮೂತಿ ಉದ್ದವಾಗಿಯೇ ಇರುತ್ತದೆ, ಇನ್ನೇನಿದ್ದೀತು? ರಘೋತ್ತಮ ಮಾಡಿಸಿದ ಅಚ್ಚು ತಾನೆ. ಬಿಚ್ಚಿದರೆ ಒಳಗೆ ಅವನ ಹಟವೇ ಕಬ್ಬಿಣದಲ್ಲಿ ಕೊರೆದು ಕೂತಿರುತ್ತದೆ. ಅದರಲ್ಲಿ ಹೊಯ್ದ ಗುಂಡು ಎಂಟುನೂರು ಗಜ ದೂರದ ಹಲಗೆಗೆ ಹೋಗಿ ನೆಟ್ಟಗೆ ಬಡಿದರೆ ಸತ್ತವನ ಎದುರು ನಾನು ಸೋತ ಹಾಗೆ. ಬಡಿಯದೆ ಹೋದರೆ ಮೈಥಿಲಿಯ ಮುಖ ನೋಡಿ ಹೇಳಬೇಕು, ನಿಮ್ಮ ಯಜಮಾನರ ಲೆಕ್ಕ ತಪ್ಪಿತ್ತು ಎಂದು. ಯಾವುದು ಕಡಿಮೆ ಕಷ್ಟ? ಬಿಚ್ಚದೆಯೇ ಇದ್ದುಬಿಟ್ಟರೆ? ಅಂಚೆಯಲ್ಲಿ ಒಡೆದು ಬಂದಿತ್ತು ಎಂದರೆ ಯಾರು ಕೇಳುತ್ತಾರೆ? ಕಬ್ಬಿಣ ಅಂಚೆಯಲ್ಲಿ ಒಡೆಯುತ್ತದೆಯೇ?

ಸಿದ್ದರಾಜು ಗಿಲ್‌ರಾಯ್ ಎಂಬ ಊರಿನ ತನ್ನ ಮನೆಯ ಗರಾಜಿನಲ್ಲಿ ಕೂತಿದ್ದ. ಶನಿವಾರದ ಬೆಳಿಗ್ಗೆ. ಬೆಂಚಿನ ಮೇಲೆ ಒಂದು ರಟ್ಟಿನ ಪೊಟ್ಟಣ, ಇಟ್ಟಿಗೆಯಷ್ಟು ಗಾತ್ರದ್ದು, ಇಟ್ಟಿಗೆಗಿಂತ ಭಾರದ್ದು. ಮೇಲೆ ಗೆಳೆಯ ರಘೋತ್ತಮನ ಹೆಸರು, ಅವನ ಕ್ಯಾಂಪ್‌ಬೆಲ್ ಮನೆಯ ವಿಳಾಸ. ಕಳಿಸಿದವನು ಮಿಸ್ಸೂರಿ ಕಡೆಯ ಒಬ್ಬ ಮುದುಕ. ಒಬ್ಬನೇ ಕೂತು ಗುಂಡಿನ ಅಚ್ಚು ಕೊರೆಯುವವನು. ಅವನ ಬಳಿ ಕಾಯಬೇಕಾದ ಸರದಿ ಒಂದು ವರ್ಷಕ್ಕೆ ಕಡಿಮೆ ಇಲ್ಲ. ಎಷ್ಟು ಬೇಡಿದರೂ ಒಬ್ಬರನ್ನು ಹಿಂದೆ ತಳ್ಳಿ ಇನ್ನೊಬ್ಬರದನ್ನು ಮುಂದೆ ತರುವವನಲ್ಲ. ಅಚ್ಚು ಬರುವಷ್ಟರಲ್ಲಿ ರಘೋತ್ತಮ ತೀರಿಕೊಂಡು ಮೂರು ತಿಂಗಳಾಗಿತ್ತು.

ಅದನ್ನು ಅವನ ಹೆಂಡತಿ ಮೈಥಿಲಿ ಹಿಂದಿನ ಭಾನುವಾರ ತಾನೇ ತಂದುಕೊಟ್ಟಿದ್ದಳು. ಒಳಗೆ ಬಂದು ಕೂರಲಿಲ್ಲ.

"ಆಸ್ಪತ್ರೇಲೂ ದಿನಾ ಇದೇ ಕೇಳ್ತಿದ್ರು. ಪ್ಯಾಕೇಜ್ ಬಂತಾ, ಬಂತಾ ಅಂತ. ನಂಗೆ ಇದರ ತಲೆಬುಡ ತಿಳಿಯಲ್ಲ. ನೀವೇ ಏನಾದ್ರೂ ಮಾಡಿ."

"ಮಾಡ್ತೀನಿ."

"ಮುಂದಿನ ಭಾನುವಾರ ಮ್ಯಾಚು ಇದೆಯಂತಲ್ಲ. ನಾನೂ ಬರ್ತೀನಿ. ಇದರಲ್ಲಿ ಮಾಡಿದ್ದನ್ನ ಹೊಡೆಯೋದು ಒಂದ್ಸಲ ನೋಡ್ಬೇಕು ನಂಗೆ." ಕಾರಿನ ಬಾಗಿಲು ತೆಗೆದು ಹಿಡಿದುಕೊಂಡೇ ಅವಳು ಇನ್ನೊಂದು ಮಾತು ಸೇರಿಸಿದಳು. "ಅವತ್ತು ನೀವು ನಂಗೆ ಒಂದು ವಿಷಯ ಹೇಳ್ಬೇಕು, ಸಿದ್ದರಾಜು ಅವ್ರೇ. ಏಪ್ರಿಲ್‌ನಿಂದ ನೀವು ನಮ್ಮನೆ ಕಡೆ ತಲೆ ಹಾಕ್ಲಿಲ್ಲ. ಆಸ್ಪತ್ರೆಗೂ ಬರ್ಲಿಲ್ಲ. ಇವ್ರು ನಿಮಗೆ ಅಂಥದ್ದೇನಂದ್ರು? ನಾನು ಕೇಳಿದ್ರೆ ನಕ್ಕುಬಿಡೋರು. ಅದು ಗೊತ್ತಾಗ್ದೆ ನಂಗೆ ನಿದ್ದೆ ಹತ್ತುತ್ತಿಲ್ಲ."

ಒಂದು ವಾರದಿಂದ ಪೊಟ್ಟಣ ಹಾಗೆಯೇ ಇತ್ತು. ನಾಳೆ ಗುರಿ ಹೊಡೆಯುವ ಮ್ಯಾಚು.

ಈ ಆಟದ ಕೋವಿಗಳು ಹಳೆಯ ಮಾದರಿಯವು. ಒಂದು ಸಲಕ್ಕೆ ಒಂದೇ ಗುಂಡು, ಕಪ್ಪು ಮದ್ದು. ಹೊಡೆದಾಗಲೆಲ್ಲ ಎದುರಿಗೆ ಬಿಳಿ ಹೊಗೆಯ ಪರದೆ. ಗುಂಡನ್ನು ಅಂಗಡಿಯಿಂದ ತರುವುದಿಲ್ಲ. ಸೀಸಕ್ಕೆ ಒಂದಿಷ್ಟು ತವರ ಬೆರೆಸಿ, ಕರಗಿಸಿ, ತಮ್ಮ ಅಚ್ಚಿನಲ್ಲಿ ತಾವೇ ಹೊಯ್ದುಕೊಳ್ಳಬೇಕು. ಹಾಗಾಗಿ ಗುಂಡಿನ ಮೂತಿ ಹೇಗಿರಬೇಕು ಎಂಬುದು ಈ ಆಟದವರಿಗೆ ಮುಗಿಯದ ತಕರಾರು. ಮೂತಿ ಉದ್ದವಾಗಿ ಚೂಪಾಗಿದ್ದರೆ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ವೇಗ ಬೇಗ ಕಳೆದುಕೊಳ್ಳುವುದಿಲ್ಲ, ಅಡ್ಡಗಾಳಿಗೆ ಅಷ್ಟಾಗಿ ಜಗ್ಗುವುದಿಲ್ಲ. ಆದರೆ ಸೀಸ ಮೆತ್ತನೆಯದು. ಮದ್ದು ಸಿಡಿದ ಕ್ಷಣದ ಒತ್ತಡಕ್ಕೆ ಆ ಉದ್ದ ಮೂತಿ ಕೂದಲೆಳೆಯಷ್ಟು ಕುಸಿದು ಓರೆಯಾದರೂ ಸಾಕು, ಗುಂಡು ದಾರಿಯಲ್ಲಿ ತೊನೆಯಲು ಶುರುಮಾಡುತ್ತದೆ. ಗುರಿ ಮುಟ್ಟುವಾಗ ಅಡ್ಡಡ್ಡ ಬಿದ್ದಿರುತ್ತದೆ. ಮೊಂಡು ಮೂತಿಯ ಗುಂಡಿಗೆ ಆ ಭಯವಿಲ್ಲ. ಶಬ್ದದ ವೇಗಕ್ಕಿಂತ ಕೆಳಗೆ ಇಳಿಯುವಾಗಲೂ ಅದು ಅಲುಗದೆ ಹೋಗುತ್ತದೆ. ಗಾಳಿ ಮಾತ್ರ ಅದನ್ನು ಎತ್ತಲೋ ಒಯ್ಯುತ್ತದೆ.

ಫ್ರೀಮಾಂಟಿನ ಒಂದೇ ಕಂಪನಿಯಲ್ಲಿ ಪಕ್ಕಪಕ್ಕದಲ್ಲಿ ಕೂತು ಕೆಲಸ ಮಾಡಿದ ಇಬ್ಬರು ಮೆಕ್ಯಾನಿಕಲ್ ಇಂಜಿನಿಯರುಗಳಿಗೆ ಇದಕ್ಕಿಂತ ಒಳ್ಳೆಯ ಜಗಳ ಸಿಗುವಂತಿರಲಿಲ್ಲ. ಮೈಸೂರಿನ ರಘೋತ್ತಮ ಚೂಪು ಮೂತಿಯ ಕಡೆ. ಮಂಡ್ಯದ ಸಿದ್ದರಾಜು ಮೊಂಡು ಮೂತಿಯ ಕಡೆ. ಇದೇ ಗರಾಜಿನಲ್ಲಿ, ಸೀಸದ ಪಾತ್ರೆಯ ಎರಡು ಬದಿಗೆ ಕೂತು, ವರ್ಷಗಟ್ಟಲೆ.

"ಆಚಾರ್ರೇ, ನಿಮ್ಮ ಗುಂಡು ಮೂತಿ ಉದ್ದ ಮಾಡ್ಕಂಡು ಹೋಗಿ ಅಲ್ಲಿ ಮಲಗ್ಬುಟ್ಟದೆ. ಹೋಗಿ ಎಬ್ಬಿಸ್ಕಂಡ್ ಬನ್ನಿ," ಎನ್ನುತ್ತಿದ್ದ ಸಿದ್ದರಾಜು.

"ಗೌಡ್ರೇ, ನಿಮ್ದು ನೆಟ್ಟಗೇ ಹೋಗುತ್ತೆ, ಪಾಪ. ಯಾರಾದ್ರೂ ಕೆಮ್ಮಿದ್ರೆ ಮಾತ್ರ ಪಕ್ಕದ ಕೌಂಟಿಗೆ ಹೋಗುತ್ತೆ."

ಸಿದ್ದರಾಜುವಿನ ಅಚ್ಚು ಯಾರೋ ಬಳಸಿ ಬಿಟ್ಟದ್ದು. ಅದರ ಎರಡು ಹೋಳುಗಳು ಈಗ ಸರಿಯಾಗಿ ಕೂಡುತ್ತಿರಲಿಲ್ಲ. ಹೊಯ್ದ ಪ್ರತಿ ಗುಂಡಿನ ಮೈಯಲ್ಲೂ ಮೂತಿಯಿಂದ ಬುಡದವರೆಗೆ ಒಂದು ತೆಳು ಸೀಸದ ಅಂಚು ಉಳಿಯುತ್ತಿತ್ತು. ಅದನ್ನು ಒಂದೊಂದಾಗಿ ಚಾಕುವಿನಿಂದ ಹೆರೆಯಬೇಕಿತ್ತು. ರಘೋತ್ತಮ ಅದನ್ನು ನೋಡಿ ನಗುತ್ತಿದ್ದ. ಗುಂಡಿಗೆ ಕ್ಷೌರ ಮಾಡೋ ಏಕೈಕ ಮನುಷ್ಯ ಎನ್ನುತ್ತಿದ್ದ.

ಈಗ ರಘೋತ್ತಮನ ಕುರ್ಚಿಯ ಮೇಲೆ ಸೋನಾಮಸೂರಿ ಅಕ್ಕಿಯ ಮೂಟೆ ಇತ್ತು. ಆಗಸ್ಟಿನಲ್ಲಿ ಹೆಂಡತಿ ಹಂಸಾ ಅದನ್ನು ಅಲ್ಲಿ ಇಟ್ಟಾಗ ಸಿದ್ದರಾಜು ರೇಗಿ ಕೆಳಗಿಳಿಸಿದ್ದ. ಖಾಲಿ ಕುರ್ಚಿಯನ್ನು ಎರಡು ದಿನ ನೋಡಿ, ತಾನೇ ಮೂಟೆಯನ್ನು ಎತ್ತಿ ಮತ್ತೆ ಅದರ ಮೇಲಿಟ್ಟ. ಆದರೂ ರಘೋತ್ತಮನ ಮಾತು ನಿಲ್ಲಲಿಲ್ಲ. ಸೀಸ ಕರಗಲು ಇಟ್ಟರೆ ಸಾಕು, ಮೂಟೆಯ ದಿಕ್ಕಿನಿಂದ ಶುರು: ತವರ ಕಡಿಮೆಯಾಯ್ತು ಗೌಡ್ರೇ, ಅಚ್ಚು ಇನ್ನೂ ಕಾದಿಲ್ಲ, ಅವಸರ ಯಾಕೆ. ದೆವ್ವವನ್ನು ನಂಬುವ ಮನುಷ್ಯನಲ್ಲ ಸಿದ್ದರಾಜು. ಆದರೂ ಒಂದೆರಡು ಸಲ ಫ್ಯಾನು ನಿಲ್ಲಿಸಿ ಕಿವಿಗೊಟ್ಟಿದ್ದ. ಹಾಗೆ ಕಿವಿಗೊಟ್ಟಾಗ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸದೆ ಇರುವುದೇ ಹೆಚ್ಚು ಕಷ್ಟವಾಗುತ್ತಿತ್ತು.

ಏಪ್ರಿಲ್‌ನ ಮ್ಯಾಚು ನಡೆದದ್ದು ಊರಿನ ಪೂರ್ವದ ಗುಡ್ಡಗಳ ನಡುವೆ, ನಾಳೆಯ ಮ್ಯಾಚು ನಡೆಯುವ ಮೈದಾನದಲ್ಲೇ. ಆವತ್ತು ಗಾಳಿ ಕೆಟ್ಟದಾಗಿತ್ತು. ಸಿದ್ದರಾಜುವಿನ ಗುಂಡುಗಳು ಒಂದರ ಹಿಂದೊಂದು ಹಲಗೆಯ ಪಕ್ಕದ ಮಣ್ಣಿಗೆ ಬಿದ್ದವು. ರಘೋತ್ತಮ ಹಿಂದೆ ದುರ್ಬೀನಿನಲ್ಲಿ ನೋಡುತ್ತಾ ಜೋರಾಗಿ ಹೇಳಿದ: "ಆ ಅಚ್ಚನ್ನ ಇನ್ನು ಗುಜರಿಗೆ ಹಾಕಿ ಗೌಡ್ರೇ. ಸಾಕು ಅದರ ಸೇವೆ." ಆಮೇಲೆ ಕ್ಲಬ್ಬಿನವರೆಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದ: ಇವನ ಗುಂಡು ಇವನ ಹಾಗೇ, ಮೂತಿ ಮುಂದೆ ಚಾಚುವುದಕ್ಕೆ ಭಯ, ಇಪ್ಪತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತವನು ಬೇರೆ ಥರದ ಗುಂಡು ಎಲ್ಲಿಂದ ಹೊಯ್ದಾನು?

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ ಅದು.

ಅದಕ್ಕೆ ಎರಡು ವಾರದ ಹಿಂದೆ ಆಫೀಸಿನಲ್ಲಿ ಸಿದ್ದರಾಜು ತರಬೇತಿ ಕೊಟ್ಟಿದ್ದ ಹುಡುಗನೊಬ್ಬನನ್ನು ಅವನ ಮೇಲೆಯೇ ಮ್ಯಾನೇಜರಾಗಿ ಕೂರಿಸಿದ್ದರು. ಅದನ್ನು ಅವನು ಹಂಸಾಗೂ ಹೇಳಿರಲಿಲ್ಲ. ಬೇರೆ ಕಂಪನಿಗೆ ಹೋಗಿ ಆಗಲೇ ಐದು ವರ್ಷವಾಗಿದ್ದ ರಘೋತ್ತಮನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಸಿದ್ದರಾಜು ಕೋವಿಯನ್ನು ಚೀಲಕ್ಕೆ ಹಾಕಿ, ಮ್ಯಾಚು ಅರ್ಧಕ್ಕೆ ಬಿಟ್ಟು ಎದ್ದ. ರಘೋತ್ತಮ ಕಾರಿನವರೆಗೂ ಓಡಿಬಂದ.

"ಏ, ತಮಾಷೆಗಂದೆ ಕಣಯ್ಯ. ನಿಂಗೇನಾಯ್ತು ಇವತ್ತು?"

"ನಿನ್ ತಮಾಷೆ ನೀನೇ ಮಡಿಕೋ."

ಅವರಿಬ್ಬರ ನಡುವಿನ ಕೊನೆಯ ಮಾತು ಅದು. ರಘೋತ್ತಮನೇ ಫೋನು ಮಾಡಲಿ ಎಂದು ಸಿದ್ದರಾಜು ಮೇ ತಿಂಗಳೆಲ್ಲ ಕಾದ, ಜೂನಿನಲ್ಲೂ ಕಾದ. ಜುಲೈ ಕೊನೆಯಲ್ಲಿ ರಘೋತ್ತಮನಿಗೆ ಹೃದಯದ ಕವಾಟದ ಆಪರೇಷನ್ ಆಯಿತು. ಹಂಸಾ ಸಾರು ಅನ್ನ ಕಟ್ಟಿಕೊಂಡು ಹೋಗಿಬಂದಳು. ಎಲ್ಲ ಸರಿಯಾಗಿದೆ, ಮುಂದಿನ ವಾರ ಮನೆಗೆ ಕಳಿಸುತ್ತಾರಂತೆ ಎಂದಳು. ಮನೆಗೆ ಬಂದ ಮೇಲೆ ಹೋದರಾಯಿತು ಎಂದುಕೊಂಡ ಸಿದ್ದರಾಜು. ಆದರೆ ಆ ವಾರದಲ್ಲೇ ಸೋಂಕು ರಕ್ತಕ್ಕೆ ಏರಿ ರಘೋತ್ತಮ ಹೋಗಿಬಿಟ್ಟ. ಅಂತ್ಯಕ್ರಿಯೆಯ ದಿನ ಅವನು ಹಿಂದಿನ ಸಾಲಿನಲ್ಲಿ ನಿಂತು, ಯಾರೊಂದಿಗೂ ಮಾತಾಡದೆ ಮರಳಿದ್ದ.

"ಇನ್ನೂ ಬಿಚ್ಚಿಲ್ವಾ?"

ಹಂಸಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತರಕಾರಿ ಹೆಚ್ಚುವ ಚಾಕು.

"ಬಿಚ್ಚಿದ್ರಾಯ್ತು."

"ಏನು, ಒಳಗೆ ಹಾವಿದ್ಯಾ? ನಾಳೆ ಆ ಹೆಂಗಸು ಕ್ಯಾಂಪ್‌ಬೆಲ್‌ನಿಂದ ಅಷ್ಟು ದೂರ ಬರ್ತಾಳೆ. ನೀವು ಹೀಗೆ ಪೂಜೆ ಮಾಡ್ತಾ ಕೂತಿರಿ."

ಅವಳೇ ಬಂದು ಟೇಪಿನ ಮೇಲೆ ಚಾಕು ಎಳೆದಳು. ರಟ್ಟು ಬಾಯಿ ಬಿಟ್ಟಿತು. ಎಣ್ಣೆ ಸವರಿದ ಕಾಗದದಲ್ಲಿ ಅಚ್ಚು. ಪಕ್ಕದಲ್ಲಿ ಹತ್ತಿಯಲ್ಲಿ ಸುತ್ತಿದ ಏನೋ ಒಂದು ಪುಟ್ಟದು. ಹಂಸಾ ಅದನ್ನು ಬಿಡಿಸಿ ಅಂಗೈ ಮೇಲಿಟ್ಟುಕೊಂಡಳು.

"ಇದು ನಿಮ್ದೇ ಗುಂಡಲ್ವಾ? ಇದಿಲ್ಲಿ ಯಾಕೆ ಬಂತು?"

ಸಿದ್ದರಾಜು ಅದನ್ನು ತೆಗೆದುಕೊಂಡ. ಮೊಂಡು ಮೂತಿ. ಮೈಯಲ್ಲಿ ಮೂತಿಯಿಂದ ಬುಡದವರೆಗೆ ತೆಳು ಸೀಸದ ಅಂಚು. ಹೆರೆಯದೆ ಬಿಟ್ಟದ್ದು.

ಅಚ್ಚಿನ ಹೋಳುಗಳನ್ನು ಬೇರೆ ಮಾಡಿದ. ಒಳಗಿನ ಪೊಳ್ಳು ಮೊಂಡಾಗಿತ್ತು. ಮಾದರಿ ಗುಂಡನ್ನು ಅದರಲ್ಲಿ ಮಲಗಿಸಿದ. ಅಂಚು ತಾಗಿದಲ್ಲಿ ಬಿಟ್ಟರೆ ಉಳಿದಂತೆ ತೊಟ್ಟಿಲಲ್ಲಿ ಕೂತ ಹಾಗೆ ಕೂತಿತು. ಅಳತೆಯ ಸಾಧನ ತೆಗೆದು ಪೊಳ್ಳಿನ ಅಗಲ ನೋಡಿದ. ರಘೋತ್ತಮನ ಕೋವಿಯ ನಳಿಗೆ ಇದಕ್ಕಿಂತ ದೊಡ್ಡದು. ಈ ಗುಂಡನ್ನು ಅದರಲ್ಲಿ ಹಾಕಿದರೆ ಲೊಟಲೊಟ ಎಂದು ಆ ಕಡೆಯಿಂದ ಉದುರಿಬೀಳುತ್ತಿತ್ತು. ಇದು ಸಿದ್ದರಾಜುವಿನ ಕೋವಿಯ ಅಳತೆ.

ಅವನಿಗೆ ಹೋದ ವರ್ಷದ ದೀಪಾವಳಿ ನೆನಪಾಯಿತು. ಊಟ ಮುಗಿಸಿ ಇಬ್ಬರೂ ಇಲ್ಲಿ ಬಂದು ಕೂತಿದ್ದರು. ಹೊಸದಾಗಿ ಹೊಯ್ದ ರಾಶಿಯಿಂದ ರಘೋತ್ತಮ ಒಂದನ್ನು ಎತ್ತಿ ಜುಬ್ಬಾದ ಜೇಬಿಗೆ ಹಾಕಿಕೊಂಡಿದ್ದ. ಅದ್ಯಾಕೆ ಎಂದಾಗ, ಮೊಮ್ಮಗು ಹುಟ್ಟಿದರೆ ಕಾಲಿಗೆ ಕಟ್ಟೋಕೆ, ಓಡಿಹೋಗ್ದೆ ಇರುತ್ತೆ ಎಂದಿದ್ದ. ಇಬ್ಬರೂ ನಕ್ಕು ಮರೆತಿದ್ದರು.

ಹೋದ ವರ್ಷದ ದೀಪಾವಳಿಯಿಂದ ಈ ನವೆಂಬರಿಗೆ ಒಂದು ವರ್ಷ. ಮಿಸ್ಸೂರಿಯ ಮುದುಕನ ಸರದಿ. ಆ ಗುಂಡೇ ಮಾದರಿಯಾಗಿ ಅವನಿಗೆ ಹೋಗಿತ್ತು.

ಅಂದರೆ ಏಪ್ರಿಲ್‌ನಲ್ಲಿ, ಆ ಮೈದಾನದಲ್ಲಿ, ಅಚ್ಚನ್ನು ಗುಜರಿಗೆ ಹಾಕು ಎಂದು ಕೂಗಿದಾಗ, ರಘೋತ್ತಮನಿಗೆ ಹೊಸದು ಬರುತ್ತಿರುವುದು ಗೊತ್ತಿತ್ತು. ಸ್ನೇಹಿತನನ್ನು ಕೆಣಕಿ ಕೆಣಕಿ ರೇಗಿಸಿ, ಕೊನೆಗೆ ಅವನದೇ ಮೂತಿಯ ಅಚ್ಚನ್ನು ಅವನ ಕೈಗಿಟ್ಟು ಮುಖ ನೋಡಬೇಕೆಂದಿದ್ದ. ಅಷ್ಟೇ. ತಮಾಷೆ ಅರ್ಧ ಮಾತ್ರ ಆಗಿತ್ತು. ಉಳಿದರ್ಧ ಅಂಚೆಯಲ್ಲಿತ್ತು.

"ಏನ್ರೀ? ಮುಖ ಯಾಕೆ ಹಾಗಾಯ್ತು?"

"ಏನಿಲ್ಲ. ಅಚ್ಚು ಚೆನ್ನಾಗಿ ಬಂದಿದೆ."

"ಅದಕ್ಕೆ ಹೀಗಾ ನೋಡ್ತಾರೆ?" ಹಂಸಾ ತನ್ನ ಚಾಕು ಎತ್ತಿಕೊಂಡು ಒಳಗೆ ಹೋದಳು.

ಅವನು ಸೀಸ ಕಾಯಲು ಇಟ್ಟ. ಅಚ್ಚನ್ನೂ ಪಾತ್ರೆಯ ಅಂಚಿನಲ್ಲಿಟ್ಟು ಬಿಸಿ ಮಾಡಿದ. ತಣ್ಣಗಿನ ಅಚ್ಚಿನಲ್ಲಿ ಮೊದಲ ಗುಂಡುಗಳು ಯಾವಾಗಲೂ ಸುಕ್ಕುಸುಕ್ಕಾಗಿ ಬರುತ್ತವೆ. ಅವನ್ನು ಮತ್ತೆ ಪಾತ್ರೆಗೇ ಹಾಕಿದ. ಆಮೇಲೆ ಒಂದೊಂದೂ ಬೆಳ್ಳಿಯ ಹಾಗೆ ಬಿದ್ದವು. ಮೈಯಲ್ಲಿ ಅಂಚಿಲ್ಲ, ಗೆರೆಯಿಲ್ಲ. ಹೆರೆಯುವ ಕೆಲಸವೇ ಇಲ್ಲ. ಚಾಕು ಬೆಂಚಿನ ಮೇಲೆ ಸುಮ್ಮನೆ ಬಿದ್ದಿತ್ತು. ಅವನು ಮೂಟೆಯ ಕಡೆ ನೋಡಿದ. ಈಗ ಏನಾದರೂ ಅನ್ನಬೇಕಿತ್ತು ರಘೋತ್ತಮ. ತವರದ ಬಗ್ಗೆಯೋ, ಬಿಸಿಯ ಬಗ್ಗೆಯೋ. ಸಿದ್ದರಾಜು ಸೌಟನ್ನು ಕೈಯಲ್ಲಿ ಹಿಡಿದು ಕಾದ. ಪಾತ್ರೆಯ ಮೇಲೆ ಸೀಸದ ಕೆನೆ ಕಟ್ಟಿ ಸುಕ್ಕುಗಟ್ಟಿತು. ಗರಾಜಿನ ಹೊರಗೆ ಬೆಳ್ಳುಳ್ಳಿ ಹೇರಿದ ಯಾವುದೋ ಟ್ರಕ್ಕು ಹೋಯಿತು, ಅದರ ವಾಸನೆ ಬಂದು ನಿಂತಿತು. ಮೂರು ತಿಂಗಳು ಬಿಡದೆ ಮಾತಾಡಿದವನು ಆ ದಿನ ಬಾಯೇ ಬಿಡಲಿಲ್ಲ.

ಭಾನುವಾರ ಮೈಥಿಲಿ ಬೇಗನೇ ಬಂದಿದ್ದಳು. ಹತ್ತಿಯ ಸೀರೆಯ ಮೇಲೆ ದಪ್ಪ ಜಾಕೆಟ್ಟು, ಕಿವಿಗೆ ಕ್ಲಬ್ಬಿನವರು ಕೊಟ್ಟ ಕಿತ್ತಳೆ ಬಣ್ಣದ ಮುಚ್ಚಳ. ಸಿದ್ದರಾಜುವಿನ ಹಿಂದೆ, ಯಾವಾಗಲೂ ರಘೋತ್ತಮ ದುರ್ಬೀನು ಇಟ್ಟುಕೊಂಡು ಕೂರುತ್ತಿದ್ದ ಜಾಗದಲ್ಲಿ, ಅವಳಿಗೆ ಒಂದು ಮಡಚುವ ಕುರ್ಚಿ ಹಾಕಿದ್ದರು. ಅದು ಆ ಜಾಗವೆಂದು ಅವಳಿಗೆ ತಿಳಿದಿರಲಿಲ್ಲ. ಸಿದ್ದರಾಜು ಒಂದೇ ಸಲ ಹಿಂತಿರುಗಿ ನೋಡಿ, ಮತ್ತೆ ನೋಡಲಿಲ್ಲ.

ಗುಡ್ಡಗಳು ಒಣಹುಲ್ಲಿನ ಬಣ್ಣದಲ್ಲಿದ್ದವು. ಮಂಜು ಇನ್ನೂ ತಗ್ಗಿನಲ್ಲಿ ಮಲಗಿತ್ತು. ಎಂಟುನೂರು ಗಜದಾಚೆಯ ಉಕ್ಕಿನ ಹಲಗೆ ಬರಿಗಣ್ಣಿಗೆ ಒಂದು ಚುಕ್ಕೆ.

ಅವನು ಹೊಡೆದ. ಹೊಗೆ ಎದ್ದು ಎಲ್ಲವನ್ನೂ ಮುಚ್ಚಿತು. ಈ ಗುಂಡುಗಳು ನಿಧಾನದವು. ಹೋಗಿ ಮುಟ್ಟಬೇಕು, ಮುಟ್ಟಿದ ಸದ್ದು ತಿರುಗಿ ಬರಬೇಕು. ಆ ನಡುವೆ ಯಾರೂ ಉಸಿರಾಡುವುದಿಲ್ಲ. ಆಮೇಲೆ ಬಹು ದೂರದಿಂದ, ಯಾರದೋ ಮನೆಯ ಹಿತ್ತಲಲ್ಲಿ ತಟ್ಟೆ ಬಿದ್ದ ಹಾಗೆ, ಠಣ್ ಎಂದಿತು.

"ತಾಗಿತಾ?"

"ತಾಗಿತು."

ಸಿದ್ದರಾಜು ಕೋವಿಯ ಹಿಂಬದಿ ತೆರೆದು ಊದುಗೊಳವೆಯನ್ನಿಟ್ಟು ಉದ್ದಕ್ಕೆ ಊದಿದ. ಮದ್ದಿನ ಮಸಿ ಗಟ್ಟಿಯಾಗದಂತೆ ಪ್ರತಿ ಗುಂಡಿನ ನಂತರ ಹೀಗೆ ಹಸಿ ಉಸಿರು ಬಿಡಬೇಕು. ನಳಿಗೆಯ ಆ ತುದಿಯಿಂದ ಉಸಿರು ಹೊಗೆಯ ಜೊತೆ ಬೆಳ್ಳಗೆ ಹೊರಬಂದು ಚಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಇವ್ರೂ ಹೀಗೇ ಊದ್ತಿದ್ರಾ?"

"ಹೂಂ. ಅವನ್ದು ಉಸಿರು ಜಾಸ್ತಿ."

"ಆಸ್ಪತ್ರೇಲಿ ಉಸಿರು ಎಳೆಯೋಕೆ ಒಂದು ಪ್ಲಾಸ್ಟಿಕ್ ಸಾಮಾನು ಕೊಟ್ಟಿದ್ರು. ಒಳಗೊಂದು ಬಿಲ್ಲೆ, ಅದು ಮೇಲೇರ್ಬೇಕು. ಇವ್ರಿಗೆ ಅರ್ಧಕ್ಕೂ ಆಗ್ತಿರ್ಲಿಲ್ಲ. ಸಿದ್ದರಾಜುನ ಕರ್ಸಿ, ಸೂರಿಗೆ ಮುಟ್ಟಿಸ್ತಾನೆ ಅಂತ ನರ್ಸಿಗೆ ಹೇಳ್ತಿದ್ರು. ಅವಳಿಗೇನು ಗೊತ್ತು ಸಿದ್ದರಾಜು ಯಾರು ಅಂತ."

ಅವನು ಮುಂದಿನ ಗುಂಡು ತುಂಬಿದ. ಆ ಬೆಳಿಗ್ಗೆ ಅವನು ಹೊಡೆದದ್ದರಲ್ಲಿ ಹೆಚ್ಚಿನವು ತಾಗಿದವು. ಕ್ಲಬ್ಬಿನವರು ಒಬ್ಬೊಬ್ಬರಾಗಿ ಬಂದು ಮೈಥಿಲಿಯ ಕೈ ಕುಲುಕಿ, ನಿಮ್ಮ ಗಂಡನ ಅಚ್ಚು ಅದ್ಭುತ ಎಂದು ಹೇಳಿ ಹೋದರು. ಅವಳು ಪ್ರತಿಯೊಬ್ಬರಿಗೂ ಥ್ಯಾಂಕ್ಯೂ ಎಂದಳು.

ಮುಗಿದ ಮೇಲೆ ಇಬ್ಬರೂ ಕಾರುಗಳ ಬಳಿ ನಿಂತರು. ಮೈಥಿಲಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು.

"ಈಗ ಹೇಳಿ, ಸಿದ್ದರಾಜು ಅವ್ರೇ."

ಅವನು ಲೋಟ ಹಿಡಿದುಕೊಂಡ. ಹೇಳಬೇಕೆಂದೇ ಬಂದಿದ್ದ. ರಾತ್ರಿಯೇ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದ: ಆಫೀಸಿನ ವಿಷಯದಿಂದ ಶುರು ಮಾಡುವುದು, ಆಮೇಲೆ ನಗು, ಆಮೇಲೆ ಅಚ್ಚು.

"ಅವನು ಏನೂ..." ಎಂದು ಶುರುಮಾಡಿದ.

"ಬೇಡ, ನೀವು ಅವರನ್ನ ಬಿಟ್ಕೊಡಲ್ಲ, ನಂಗೊತ್ತು." ಮೈಥಿಲಿ ತಲೆಯಾಡಿಸಿದಳು. "ನಾನೇ ಹೇಳ್ತೀನಿ ಕೇಳಿ. ಸಿದ್ದರಾಜುಗೆ ಒಂದು ಫೋನ್ ಮಾಡಿ ಅಂತ ನಾನು ಎಷ್ಟು ಸಲ ಅಂದಿದ್ದೆ. ಈಗ್ಲೇ ಬೇಡ, ಪ್ಯಾಕೇಜ್ ಬರಲಿ, ಅದನ್ನ ಹಿಡ್ಕೊಂಡು ಸೀದಾ ಅವನ ಮನೆಗೇ ಹೋಗೋಣ ಅನ್ನೋರು. ಆಗ ನಂಗೆ ಅರ್ಥ ಆಗಿರ್ಲಿಲ್ಲ. ಮೊನ್ನೆ ರಾತ್ರಿ ಅರ್ಥ ಆಯ್ತು. ಏನೋ ಅನ್ನಬಾರದ್ದು ಅಂದಿದಾರೆ. ಬಾಯ್ಬಿಟ್ಟು ತಪ್ಪಾಯ್ತು ಅನ್ನೋ ಜಾತಿ ಅಲ್ಲ ಅದು. ಅದಕ್ಕೆ ಇದನ್ನ ಮಾಡ್ಸಿದಾರೆ. ಇದೇ ಅವರ ಕ್ಷಮಾಪಣೆ. ಅಲ್ವಾ?"

ಅವಳ ಕಣ್ಣು ಅವನ ಮುಖದ ಮೇಲೇ ಇತ್ತು. ಉತ್ತರ ಸಿಕ್ಕವರ ಕಣ್ಣು ಅದು, ಇನ್ನು ಒಂದು ತಲೆಯಾಡಿಸುವಿಕೆ ಮಾತ್ರ ಬೇಕಿತ್ತು. ಮೂವತ್ತು ವರ್ಷ ಜೊತೆಗಿದ್ದವನನ್ನು ಅವಳು ತಪ್ಪಿತಸ್ಥನೆಂದು ಒಪ್ಪಿಕೊಂಡಿದ್ದಳು, ಕ್ಷಮಿಸಿಯೂ ಬಿಟ್ಟಿದ್ದಳು. ಅವನು ಬಾಯಿ ತೆರೆದ. ಆ ಕ್ಷಣದಲ್ಲಿ ಅವನಿಗೆ ಕಂಡದ್ದು ಒಂದೇ: ನಿಜ ಹೇಳಿದರೆ ಆ ಕಣ್ಣುಗಳು ತನ್ನ ಕಡೆ ಬೇರೆ ಥರ ನೋಡುತ್ತವೆ. ಒಂದು ತಮಾಷೆಗೆ ಮುನಿಸಿಕೊಂಡು, ಸಾಯುತ್ತಿದ್ದವನನ್ನು ನೋಡಲು ಬಾರದವನನ್ನು ನೋಡುವ ಥರ.

"ಇವ್ರ ಪರವಾಗಿ ನಾನು ಕೇಳ್ಕೋತೀನಿ. ಮನಸ್ಸಲ್ಲಿ ಇಟ್ಕೋಬೇಡಿ," ಎಂದು ಅವಳು ಕೈ ಮುಗಿದಳು.

"ಅಯ್ಯೋ, ಬುಡಿ. ಹಂಗೆಲ್ಲ ಕೈ ಮುಗೀಬ್ಯಾಡಿ."

"ಇವತ್ತು ನಿದ್ದೆ ಬರುತ್ತೆ ನಂಗೆ," ಎಂದಳು ಮೈಥಿಲಿ. ಲೋಟ ವಾಪಸ್ಸು ತೆಗೆದುಕೊಂಡು, ಸೆರಗಿನಿಂದ ಒರೆಸಿ ಚೀಲಕ್ಕಿಟ್ಟಳು. ಫ್ರೀವೇ ಸೇರುವ ದಾರಿ ಯಾವ ಕಡೆ ಎಂದು ಕೇಳಿದಳು. ಅವನು ತೋರಿಸಿದ. ಅವಳ ಕಾರು ಗುಡ್ಡದ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಅಲ್ಲೇ ನಿಂತಿದ್ದ.

ಆಮೇಲೂ ಅವಳು ಹಬ್ಬಗಳಿಗೆ ಗಿಲ್‌ರಾಯ್‌ಗೆ ಬಂದಳು, ಇವರೂ ಕ್ಯಾಂಪ್‌ಬೆಲ್‌ಗೆ ಹೋದರು. ರಘೋತ್ತಮನ ಮಾತು ಬಂದಾಗಲೆಲ್ಲ ಅವಳು, ನಾಲಿಗೆ ಹರಿತ, ಆದರೆ ಕೊನೆಗೆ ತಪ್ಪು ತಿದ್ದಿಕೊಂಡರು ಎನ್ನುತ್ತಿದ್ದಳು. ಆ ಅಚ್ಚಿಗೆ ರಘೋತ್ತಮ ಹೇಳಿ ಕಳಿಸಿದ್ದು ಜಗಳಕ್ಕಿಂತ ಎಷ್ಟೋ ಮೊದಲು, ಅದು ಕ್ಷಮಾಪಣೆಯಲ್ಲ, ಬರೀ ಉಡುಗೊರೆ ಎಂದು ಸಿದ್ದರಾಜು ಅವಳಿಗೆ ಹೇಳಲೇ ಇಲ್ಲ.